ಒಂದೇ ಉಸಿರಿನ ಎರಡು ದನಿ

ಹೋಸಿಯಾ ಟಾಲಿವರ್ ಸ್ಯಾಕ್ಸೋಫೋನ್ ನುಡಿಸುವುದನ್ನು ಮೊದಲ ಸಲ ಕೇಳಿದವರು ಒಂದೋ ಕಿಟಕಿ ಮುಚ್ಚುತ್ತಿದ್ದರು, ಇಲ್ಲವೇ ಯಾರಿಗೋ ಏನೋ ಆಯಿತೆಂದು ಬೀದಿಗೆ ಓಡಿ ಬರುತ್ತಿದ್ದರು. ಶಿಕಾಗೋದ ದಕ್ಷಿಣ ಭಾಗದ ನಮ್ಮ ಅರವತ್ತೊಂದನೆಯ ಬೀದಿಯವರಿಗೆ ಸಂಗೀತ ಗೊತ್ತಿಲ್ಲ ಎಂದು ಯಾರೂ ಅನ್ನುವಂತಿಲ್ಲ. ಹಾಡದೆ ನಾವು ಮಗುವಿಗೆ ಹೆಸರಿಡುವುದಿಲ್ಲ, ಹಾಡದೆ ಹೆಣ ಎತ್ತುವುದಿಲ್ಲ. ಆದರೆ ಹೋಸಿಯಾ ನುಡಿಸುತ್ತಿದ್ದುದಕ್ಕೆ ತಾಳವಿಲ್ಲ, ರಾಗವಿಲ್ಲ, ಶುರುವೆಲ್ಲಿ ಕೊನೆಯೆಲ್ಲಿ ಒಂದೂ ತಿಳಿಯದು. ಜಾಜ್‌ನಲ್ಲಿ ಅದು ಹೊಸ ಬಗೆ ಎಂದು ತಿಳಿದವರು ಹೇಳುತ್ತಿದ್ದರು. ಬೀದಿಯಲ್ಲಿ ತಿಳಿದವರು ನಾಲ್ಕೈದು ಜನ, ಅವರೂ ಅವನ ಜೊತೆಗೇ ನುಡಿಸುವವರು.

ಅವನ ಹೆಂಡತಿ ಅರ್ಲೀನ್ ಆ ನಾಲ್ಕೈದು ಜನರಲ್ಲಿ ಸೇರಿದವಳಲ್ಲ. ಮೂರು ಮನೆ ಆಚೆ ಅವಳದೊಂದು ಹೆಂಗಸರ ಕೂದಲಂಗಡಿ ಇತ್ತು. ಎರಡು ಕುರ್ಚಿ, ಒಂದು ಗ್ಯಾಸ್ ಒಲೆ, ಅದರ ಮೇಲೆ ಕಾಯುತ್ತಿರುವ ಕಬ್ಬಿಣದ ಬಾಚಣಿಗೆ. ಗುಂಗುರು ಕೂದಲನ್ನು ನೀಟಾಗಿ ಎಳೆದು ನೇರ ಮಾಡುವುದರಲ್ಲಿ ಅವಳ ಕೈಯನ್ನು ಮೀರಿಸುವವರಿರಲಿಲ್ಲ. ಶನಿವಾರ ಬಂತೆಂದರೆ ಮರುದಿನದ ಚರ್ಚಿಗೆ ತಲೆ ಸಿದ್ಧಮಾಡಿಕೊಳ್ಳುವ ಹೆಂಗಸರೆಲ್ಲ ಅಲ್ಲಿಯೇ. ಹೋಸಿಯಾ ಮನೆಯಲ್ಲಿ ಅಭ್ಯಾಸಕ್ಕೆ ಕೂತರೆ ಅದು ಅಂಗಡಿಗೂ ಕೇಳುತ್ತಿತ್ತು.

"ಅರ್ಲೀನ್, ನಿಮ್ಮನೇಲಿ ಬಾತುಕೋಳಿ ಕೊಯ್ತಿದ್ದಾರಾ?" ಎಂದು ಮಿಸ್ ವೈನೋನಾ ಕೇಳುತ್ತಿದ್ದಳು. ಚರ್ಚಿನ ಹಿರಿಯಮ್ಮಂದಿರಲ್ಲಿ ಒಬ್ಬಳು ಅವಳು. ಬಾಯಿ ಬಹಳ, ಕೂದಲು ಕಡಿಮೆ.

"ಕೊಯ್ದಿದ್ರೆ ಇಷ್ಟೊತ್ತಿಗೆ ಊಟಕ್ಕಾದ್ರೂ ಆಗ್ತಿತ್ತಲ್ಲ ಮಿಸ್ ವೈನೋನಾ. ತಲೆ ಅಲ್ಲಾಡಿಸ್ಬೇಡಿ."

"ನಿನ್ನ ಗಂಡನಿಗೆ ಒಳ್ಳೇ ವಾದ್ಯ ಕೊಡ್ಸೆ ತಾಯಿ. ಅದು ಒಡೆದುಹೋಗಿದೆ. ಅದಕ್ಕೇ ಹಾಗೆ ಕಿರ್ಚುತ್ತೆ ಪಾಪ."

ಹೆಂಗಸರೆಲ್ಲ ನಗುತ್ತಿದ್ದರು, ಅರ್ಲೀನಳೂ ನಗುತ್ತಿದ್ದಳು. ಆದರೆ ನಗು ಮುಗಿದ ಮೇಲೆ ಅವಳ ಮನಸ್ಸಿನಲ್ಲಿ ಆ ಮಾತು ಉಳಿಯುತ್ತಿತ್ತು. ವಾದ್ಯ ಒಡೆದಿದ್ದು ನಿಜ. ಅದು ಒಡೆದ ದಿನವೂ ಅವಳಿಗೆ ಗೊತ್ತಿತ್ತು.

ಮೊದಲು ಹೋಸಿಯಾ ಹೀಗಿರಲಿಲ್ಲ. ಅರ್ಕಾನ್ಸಾದ ಹತ್ತಿ ಹೊಲದಿಂದ ಅವನ ತಾಯಿ ಅವನನ್ನು ಕಟ್ಟಿಕೊಂಡು ಉತ್ತರದ ರೈಲು ಹತ್ತಿದಾಗ ಅವನಿಗೆ ಒಂಬತ್ತು ವರ್ಷ. ಶಾಲೆಯ ಬ್ಯಾಂಡಿನ ಮೇಷ್ಟ್ರು ಅವನ ಕೈಗೆ ಸ್ಯಾಕ್ಸೋಫೋನ್ ಕೊಟ್ಟರು. ಇಪ್ಪತ್ತಾಗುವ ಹೊತ್ತಿಗೆ ಬ್ಲೂಸ್ ನುಡಿಸುವ ಬಾರುಗಳಲ್ಲಿ ಅವನಿಗೆ ಬೇಡಿಕೆ ಬಂದಿತ್ತು. ಆ ಕಾಲದ ಸ್ಯಾಕ್ಸೋಫೋನಿನವರು ಹುಮ್ಮಸ್ಸು ಬಂದರೆ ಬಾರಿನ ಕಟ್ಟೆಯ ಮೇಲೆ ಹತ್ತಿ ನಡೆಯುತ್ತಾ ನುಡಿಸಬೇಕಿತ್ತು, ಜನ ಅದಕ್ಕೇ ಬರುತ್ತಿದ್ದರು. ಹಾಗೆ ನಡೆಯುತ್ತಾ ಹೋಸಿಯಾ ಅರ್ಲೀನಳ ಲೋಟ ಒದ್ದ. ಬಟ್ಟೆಯೆಲ್ಲ ತೊಯ್ದ ಹುಡುಗಿ ಬೈಯಲು ಬಾಯಿ ತೆರೆದಳು. ಅವನು ಅವಳ ಮುಂದೆಯೇ ಮಂಡಿಯೂರಿ ಒಂದು ಮೆಲುವಾದ ಹಾಡು ನುಡಿಸಿದ. ಬೆಣ್ಣೆಯ ಹಾಗಿತ್ತು ಆಗ ಅವನ ನಾದ. ತೆರೆದ ಬಾಯಿ ತೆರೆದೇ ಉಳಿಯಿತು, ಆರು ತಿಂಗಳಿಗೆ ಮದುವೆಯಾಯಿತು.

ಮದುವೆಯಾದ ಮೇಲೆ ಅವನಿಗೆ ಲಾಂಡ್ರಿಯೊಂದರ ಬಾಯ್ಲರ್ ಕೋಣೆಯಲ್ಲಿ ಕೆಲಸ ಸಿಕ್ಕಿತು. ಮಗಳು ಹುಟ್ಟಿದಳು. ಲೆನೋರಾ ಎಂದು ಹೆಸರಿಟ್ಟರು. ಮಾತು ಕಲಿಯುವುದಕ್ಕಿಂತ ಮೊದಲೇ ಆ ಕೂಸು ಅಪ್ಪನ ನಾದಕ್ಕೆ ದನಿ ಸೇರಿಸುತ್ತಿತ್ತು. ಅವನು ಕೆಳಗಿನ ಸ್ವರ ಹಿಡಿದರೆ ಇವಳು ಮೇಲಿಂದ ಕೂಗುವಳು. ಅವನು ನಿಲ್ಲಿಸಿದರೆ ಇವಳೂ ನಿಲ್ಲಿಸಿ ಕಾಯುವಳು. ಅಡುಗೆಮನೆಯಲ್ಲಿ ಅರ್ಲೀನ್ ನಕ್ಕು ನಕ್ಕು ಸಾಕಾಗುತ್ತಿದ್ದಳು.

ಮೂರು ತುಂಬುವ ಮೊದಲೇ ಮಗುವಿಗೆ ಮಿದುಳು ಜ್ವರ ಬಂತು. ಆಸ್ಪತ್ರೆಗೆ ಸೇರಿಸಿದ ಎರಡನೆಯ ಮಧ್ಯಾಹ್ನ ಹೋಸಿಯಾ ಅಭ್ಯಾಸದ ಮನೆಯಿಂದ ನೇರವಾಗಿ ಅಲ್ಲಿಗೇ ಬಂದಿದ್ದ, ಕೈಯಲ್ಲಿ ವಾದ್ಯದ ಪೆಟ್ಟಿಗೆ ಇತ್ತು. ಮೆಟ್ಟಿಲ ತುದಿಯಲ್ಲಿ ಅರ್ಲೀನ್ ನಿಂತಿದ್ದಳು. ಮಗುವಿನ ಬಟ್ಟೆಯ ಗಂಟನ್ನಷ್ಟೇ ಎದೆಗೆ ಒತ್ತಿಕೊಂಡಿದ್ದಳು. ಪೆಟ್ಟಿಗೆ ಅವನ ಕೈಯಿಂದ ಜಾರಿತು. ಅದರ ಬಾಯಿ ಬಿಚ್ಚಿಕೊಂಡು, ಒಳಗಿದ್ದ ಸ್ಯಾಕ್ಸೋಫೋನ್ ಕಲ್ಲಿನ ಮೆಟ್ಟಿಲುಗಳ ಮೇಲೆ ಉರುಳುತ್ತಾ ಕೆಳಗೆ ಹೋಯಿತು. ಆ ಸದ್ದು ಅರ್ಲೀನಳ ಕಿವಿಯಿಂದ ಹೋಗಲೇ ಇಲ್ಲ.

ಮಗಳನ್ನು ಮಣ್ಣು ಮಾಡಿ ಬಂದ ಮೇಲೆ ಅರ್ಲೀನ್ ಅವಳ ಬಟ್ಟೆಬರೆಗಳನ್ನೆಲ್ಲ ಚರ್ಚಿಗೆ ಕೊಟ್ಟಳು, ತೊಟ್ಟಿಲನ್ನು ತಂಗಿಗೆ ಕೊಟ್ಟಳು, ಫೋಟೋಗಳನ್ನು ಊರಿನ ಅಮ್ಮನಿಗೆ ಕಳಿಸಿದಳು. ಕಣ್ಣಿಗೆ ಬಿದ್ದರೆ ತಾನು ಬದುಕಲಾರೆ ಎಂದು ಅವಳಿಗೆ ಗೊತ್ತಿತ್ತು. ಮಗಳ ಹೆಸರನ್ನು ಮನೆಯಲ್ಲಿ ಯಾರೂ ಎತ್ತಲಿಲ್ಲ. ಹೋಸಿಯಾ ಒಂದು ವರ್ಷ ವಾದ್ಯ ಮುಟ್ಟಲಿಲ್ಲ. ಆಮೇಲೊಂದು ದಿನ ಮುಟ್ಟಿದ. ಮೈ ನೆಗ್ಗಿತ್ತು, ಒಂದು ಸರಳು ಬಾಗಿತ್ತು, ಎರಡು ಕಡೆ ತೂತು ಮುಚ್ಚುವ ಚರ್ಮದ ಬಿಲ್ಲೆ ಸರಿಯಾಗಿ ಕೂರದೆ ಗಾಳಿ ಸೋರುತ್ತಿತ್ತು. ಊದಿದ. ಒಂದು ಸ್ವರ ಬರಬೇಕಾದಲ್ಲಿ ಎರಡು ಬಂದವು. ಕೆಳಗೊಂದು, ಮೇಲೊಂದು. ಒಂದೇ ಉಸಿರಿಗೆ.

ಆ ದಿನದಿಂದ ಅವನು ಬಾರುಗಳಿಗೆ ಹೋಗುವುದನ್ನು ಬಿಟ್ಟ. ವಾದ್ಯವನ್ನು ರಿಪೇರಿಗೂ ಕೊಡಲಿಲ್ಲ. ಆ ಸೋರುವ ಬಿಲ್ಲೆಗಳನ್ನು, ಆ ಬಾಗಿದ ಸರಳನ್ನು ಒಂದೊಂದಾಗಿ ಅರಿತುಕೊಂಡ. ಯಾವ ಗುಂಡಿಯನ್ನು ಅರ್ಧ ಒತ್ತಿದರೆ ಮೇಲಿನ ದನಿ ನಡುಗುತ್ತದೆ, ಎಲ್ಲಿ ಸಿಗರೇಟಿನ ತಗಡಿನ ಹಾಳೆ ಮಡಿಸಿ ಇಟ್ಟರೆ ಅದು ಅಳುತ್ತದೆ, ಎಲ್ಲಿ ರಬ್ಬರ್ ಬ್ಯಾಂಡ್ ಸುತ್ತಿದರೆ ಎರಡೂ ದನಿ ಹತ್ತಿರ ಬರುತ್ತವೆ ಎಂದು ಹುಡುಕಿದ. ಅದಕ್ಕೆ ವರ್ಷಗಳೇ ಹಿಡಿದವು. ಕೇಳಿದವರಿಗೆ ಅದು ಕಿರುಚಾಟ. ಅವನಿಗೆ ಅದು ಬಿಟ್ಟರೆ ಬೇರೆ ಏನೂ ಉಳಿದಿರಲಿಲ್ಲ.

ಅವನಂಥ ನಾಲ್ಕೈದು ಜನ ಸೇರಿ ಪೀಠೋಪಕರಣದ ಅಂಗಡಿಯ ಮೇಲಿನ ಒಂದು ಖಾಲಿ ಹಾಲ್ ಬಾಡಿಗೆಗೆ ಹಿಡಿದು ಭಾನುವಾರ ಮಧ್ಯಾಹ್ನ ನುಡಿಸುತ್ತಿದ್ದರು. ಅವರದೊಂದೇ ಕಟ್ಟಳೆ: ಯಾರೂ ಇನ್ನೊಬ್ಬರು ಕಟ್ಟಿದ ಹಾಡನ್ನು ನುಡಿಸಬಾರದು, ಅವರವರದು ಅವರವರೇ ತರಬೇಕು. ಎಷ್ಟೋ ಸಲ ಕೇಳುವವರಿಗಿಂತ ನುಡಿಸುವವರೇ ಹೆಚ್ಚಿರುತ್ತಿದ್ದರು. ಡ್ರಮ್ ಬಾರಿಸುವ ಒಡೆಲ್ ಎಂಬುವನು ಹೋಸಿಯಾನ ಜೀವದ ಗೆಳೆಯ. ಅವನೊಮ್ಮೆ ಖಾಲಿ ಕುರ್ಚಿಗಳಿಗೆ ಬಗ್ಗಿ ವಂದಿಸಿ, "ನೀವಾದ್ರೂ ಎದ್ದು ಹೋಗ್ಲಿಲ್ಲ, ಥ್ಯಾಂಕ್ಸ್" ಎಂದಿದ್ದ.

ಅರ್ಲೀನ್ ಆ ಹಾಲಿಗೆ ಒಂದೇ ಸಲ ಹೋಗಿದ್ದಳು. ಅರ್ಧಕ್ಕೇ ಎದ್ದು ಬಂದಳು. ಅವಳಿಗೆ ಅದು ಅರ್ಥವಾಗಲಿಲ್ಲ ಎಂದು ಎಲ್ಲರೂ ತಿಳಿದರು, ಅವಳೂ ಹಾಗೆಯೇ ಹೇಳಿಕೊಂಡಳು. ನಿಜವೆಂದರೆ ಆ ಮೇಲಿನ ದನಿ ಎದ್ದಾಗ ಅವಳಿಗೆ ಅಲ್ಲಿ ಕೂತಿರಲಾಗಲಿಲ್ಲ. ಯಾಕೆಂದು ಅವಳು ಯೋಚಿಸಲು ಹೋಗಲಿಲ್ಲ. ಆಮೇಲೆ ಗಂಡ ಮನೆಯಲ್ಲಿ ನುಡಿಸಿದಾಗಲೆಲ್ಲ ಅಂಗಡಿಯ ರೇಡಿಯೋ ಜೋರು ಮಾಡುತ್ತಿದ್ದಳು.

ಹಿತ್ತಲ ಗಿಡ ಮದ್ದಲ್ಲ ಎನ್ನುವುದು ಸುಳ್ಳಲ್ಲ. ನಮ್ಮ ಬೀದಿ ಕಿಟಕಿ ಮುಚ್ಚಿಕೊಂಡದ್ದನ್ನು ಕೇಳಲು ಕಡಲಾಚೆಯಿಂದ ಒಬ್ಬ ಬಂದ. ಪ್ಯಾರಿಸ್‌ನ ಒಂದು ಸಣ್ಣ ರೆಕಾರ್ಡ್ ಕಂಪನಿಯವನು. ಮೂರು ಭಾನುವಾರ ಹಾಲಿನ ಹಿಂದಿನ ಸಾಲಿನಲ್ಲಿ ಕೂತು ಕೇಳಿದ. ಡ್ರಮ್ ಇಲ್ಲ, ಪಿಯಾನೋ ಇಲ್ಲ, ಹೋಸಿಯಾ ಒಬ್ಬನೇ ಒಂದು ಇಡೀ ರೆಕಾರ್ಡು ನುಡಿಸಬೇಕು, ಆಮೇಲೆ ಅಲ್ಲಿಗೇ ಬಂದು ಊರೂರಲ್ಲಿ ನುಡಿಸಬೇಕು ಎಂದ. ಮೇ ತಿಂಗಳಿಗೆ ಹೋಗುವುದೆಂದು ನಿಶ್ಚಯವಾಯಿತು. ಹೋಸಿಯಾಗೆ ಆಗ ನಲವತ್ತೊಂದು. ನಾಲ್ಕು ಮಾತಿಗೆ ಒಂದು ಮಾತಾಡುವವನು ಆ ವಾರ ಕ್ಷೌರದಂಗಡಿಯಲ್ಲಿ ಕೂತು ತಾನಾಗಿಯೇ ಸುದ್ದಿ ಹೇಳಿದ. ಮನೆಗೆ ಬಂದು ಅರ್ಲೀನಳ ಸೊಂಟ ಹಿಡಿದು ಅಡುಗೆಮನೆಯಲ್ಲಿ ಎರಡು ಸುತ್ತು ಕುಣಿಸಿದ.

"ಅಲ್ಲಿಯ ಜನಕ್ಕೆ ನೀನು ನುಡ್ಸೋದು ಅರ್ಥ ಆಗುತ್ತಾ?" ಎಂದು ಅರ್ಲೀನ್ ಕೇಳಿದಳು.

"ಆಗ್ಲಿ ಬಿಡ್ಲಿ. ಕೂತು ಕೇಳ್ತಾರಂತೆ."

ಮಾರ್ಚಿನಲ್ಲಿ ಬಾಯ್ಲರ್ ಕೋಣೆಯಲ್ಲಿ ಅವನು ಹೊಟ್ಟೆ ಹಿಡಿದುಕೊಂಡು ಬಿದ್ದ. ಅಪೆಂಡಿಕ್ಸ್ ಒಡೆದು ಒಳಗೆಲ್ಲ ನಂಜಾಗಿತ್ತು. ಆಪರೇಷನ್ ಆಯಿತು, ಜ್ವರ ಇಳಿಯಲಿಲ್ಲ, ಆಸ್ಪತ್ರೆಯ ವಾಸ ವಾರಗಟ್ಟಲೆ ಬೆಳೆಯಿತು. ಹೋಸಿಯಾ ಚರ್ಚಿಗೆ ಹೋಗುವವನಲ್ಲ. ಆದರೂ ಪಾದ್ರಿ ಹಾಪ್ಸನ್ ಒಂದು ಭಾನುವಾರ ಟಾಲಿವರ್ ಮನೆಯವರಿಗಾಗಿ ಪ್ರೀತಿಯ ಕಾಣಿಕೆ ಎಂದು ತಟ್ಟೆ ಇನ್ನೊಂದು ಸುತ್ತು ತಿರುಗಿಸಿದರು. ಬೀದಿಯವರು ಅಂದ ಮಾತುಗಳೆಷ್ಟೋ, ಆ ದಿನ ಬಿಚ್ಚಿದ ಕೈಗಳೂ ಅಷ್ಟೇ. ಮಿಸ್ ವೈನೋನಾ ತನ್ನ ಕರವಸ್ತ್ರದ ಗಂಟನ್ನೇ ಬಿಚ್ಚಿ ಸುರಿದಳು.

ಮನೆಗೆ ಬಂದು ಅರ್ಲೀನ್ ಮಂಚದ ಕೆಳಗಿದ್ದ ಪೆಟ್ಟಿಗೆಯನ್ನು ಎಳೆದು ತೆಗೆದಳು. ಎಷ್ಟೋ ವರ್ಷದ ಮೇಲೆ ಅದನ್ನು ಹತ್ತಿರದಿಂದ ನೋಡಿದ್ದು. ನೆಗ್ಗಿದ ಮೈ, ಅಲ್ಲಲ್ಲಿ ರಬ್ಬರ್ ಬ್ಯಾಂಡು, ಸಿಗರೇಟಿನ ತಗಡಿನ ಹಾಳೆ. ತನ್ನ ಗಂಡ ಇದನ್ನು ಹಿಡಿದುಕೊಂಡು ಪ್ಯಾರಿಸ್ಸಿಗೆ ಹೋಗಬೇಕು. ಅಲ್ಲಿಯವರು ನೋಡಿದರೆ ಏನೆಂದಾರು? ಆದರೆ ಅವಳನ್ನು ಚುಚ್ಚಿದ್ದು ಅದಲ್ಲ. ಆ ನೆಗ್ಗಿನ ಮೇಲೆ ಬೆರಳಿಟ್ಟಾಗ ಆಸ್ಪತ್ರೆಯ ಮೆಟ್ಟಿಲು ನೆನಪಾಯಿತು. ಪಾಪದ ಮನುಷ್ಯ, ದಿನವೂ ಆ ದಿನವನ್ನೇ ಕೈಯಲ್ಲಿ ಹಿಡಿದು ಕೂರುತ್ತಾನಲ್ಲ ಎಂದು ಮರುಗಿದಳು. ಮಗಳ ಬಟ್ಟೆಯನ್ನು ತಾನು ಕೊಟ್ಟುಬಿಟ್ಟ ಹಾಗೆ ಇದನ್ನೂ ಅವನಿಂದ ತೆಗೆಯಬೇಕು ಎಂದುಕೊಂಡಳು. ಪ್ರೀತಿಯಿಂದಲೇ ಅಂದುಕೊಂಡಳು, ಅದರಲ್ಲಿ ಎರಡು ಮಾತಿಲ್ಲ.

ಶಾಲೆಗಳ ಬ್ಯಾಂಡ್ ವಾದ್ಯಗಳನ್ನು ದುರಸ್ತಿ ಮಾಡುವ ಡೀಕನ್ ಪ್ರೂಯಿಟ್ ಅದೇ ಚರ್ಚಿನ ಹಿರಿಯರಲ್ಲೊಬ್ಬ. ಮನೆಯ ಹಿಂದಿನ ಕಾರು ಷೆಡ್ಡಿನಲ್ಲಿ ಅವನ ಕೆಲಸ. ಅರ್ಲೀನ್ ಪೆಟ್ಟಿಗೆ ತೆರೆದಿಟ್ಟಾಗ ಅವನು ಕನ್ನಡಕ ಮೇಲೆತ್ತಿದ.

"ಇದು ಸ್ಯಾಕ್ಸೋಫೋನಾ ಸಿಸ್ಟರ್, ಇಲ್ಲ ಟ್ರಕ್ಕಿನಡಿ ಸಿಕ್ಕಿದ್ದಾ?"

"ಸರಿ ಆಗುತ್ತಾ ಅಷ್ಟು ಹೇಳಿ ಡೀಕನ್."

"ಆಗದೆ ಏನು. ಬಿಲ್ಲೆಗಳೆಲ್ಲ ಹೊಸದು ಹಾಕ್ಬೇಕು. ಸರಳು ನೇರ ಮಾಡ್ಬೇಕು. ಇಷ್ಟು ವರ್ಷ ಇದ್ರಲ್ಲಿ ಊದ್ಕೊಂಡು ಬಂದ್ನಲ್ಲ, ಆ ಪುಣ್ಯಾತ್ಮನ ಹೊಟ್ಟೆ ಕಿತ್ತು ಬರದೆ ಇನ್ನೇನು?"

"ಈ ನೆಗ್ಗು," ಎಂದಳು ಅರ್ಲೀನ್. "ಇದು ಇತ್ತು ಅಂತಾನೇ ಗೊತ್ತಾಗಬಾರದು."

ಪ್ರೂಯಿಟ್ ಕೆಲಸದಲ್ಲಿ ಒಂದು ಕೂದಲಷ್ಟೂ ಮೋಸ ಮಾಡಲಿಲ್ಲ. ರಬ್ಬರ್ ಬ್ಯಾಂಡುಗಳನ್ನು ಕತ್ತರಿಸಿ ಬಿಸಾಡಿದ. ತಗಡಿನ ಹಾಳೆಗಳನ್ನು ಚಿಮಟದಿಂದ ಕಿತ್ತು ಕಸದ ಡಬ್ಬಿಗೆ ಹಾಕಿದ. ನೆಗ್ಗನ್ನು ಒಳಗಿಂದ ಒತ್ತಿ ಒತ್ತಿ ಎತ್ತಿದ, ಮೇಲೆ ಹೊಸ ಹೊಳಪು ಕೊಟ್ಟ. ಒಂದೇ ಚರ್ಚಿನ ಸಿಸ್ಟರ್ ಎಂದು ಕೂಲಿಯನ್ನೂ ತೆಗೆದುಕೊಳ್ಳಲಿಲ್ಲ, ಸಾಮಾನಿನ ಹಣ ಮಾತ್ರ. ಎಲ್ಲರೂ ಒಳ್ಳೆಯವರೇ. ಈ ಕಥೆಯಲ್ಲಿ ಬೈಯೋಣವೆಂದರೆ ಒಬ್ಬ ಕೆಟ್ಟವನೂ ಸಿಗುವುದಿಲ್ಲ.

ಹೋಸಿಯಾ ಮನೆಗೆ ಬಂದ ದಿನ ಹೆಂಗಸರು ಕರಿದ ಕೋಳಿ, ಜೋಳದ ರೊಟ್ಟಿ, ಗೆಣಸಿನ ಕಡುಬು ಎಲ್ಲ ಹೊತ್ತು ತಂದಿದ್ದರು. ಬಡಕಲಾಗಿ, ಅಂಗಿಯೊಳಗೆ ತೂಗಾಡುತ್ತಾ ಬಂದವನನ್ನು ಕುರ್ಚಿಯಲ್ಲಿ ಕೂರಿಸಿ, ಕೆಂಪು ರಿಬ್ಬನ್ ಕಟ್ಟಿದ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟರು. ಅವನು ತೆರೆದ. ಬಹಳ ಹೊತ್ತು ನೋಡಿದ. ಬಲಗೈ ಹೆಬ್ಬೆರಳು ವಾದ್ಯದ ಮೈಮೇಲೆ ಹೋಗಿ ಏನನ್ನೋ ಹುಡುಕಿತು. ಅಲ್ಲಿ ನುಣುಪಾಗಿತ್ತು.

"ನುಡ್ಸು ಬ್ರದರ್," ಎಂದ ಪ್ರೂಯಿಟ್. "ನನ್ನ ಕೈಕೆಲಸ ಹೇಗಿದೆ ಕೇಳೋಣ."

ಹೋಸಿಯಾ ಊದಿದ. ಒಂದು ಸ್ವರ ಬಂತು, ತಿಳಿಯಾಗಿ, ದುಂಡಗೆ. ಎಲ್ಲರೂ ಚಪ್ಪಾಳೆ ತಟ್ಟಿದರು. ಅವನು ಬೆರಳು ಬದಲಿಸಿದ, ಒಂದು ಗುಂಡಿಯನ್ನು ಅರ್ಧ ಒತ್ತಿದ. ಮತ್ತೆ ಒಂದೇ ಸ್ವರ. ಇನ್ನೊಂದು ಕಡೆ ಒತ್ತಿದ. ಅಲ್ಲೂ ಒಂದೇ. ಹೊಸದಾಗಿ ಕಲಿಯುವವನ ಹಾಗೆ ಅವನ ಬೆರಳುಗಳು ಅಲ್ಲಿ ಇಲ್ಲಿ ತಡಕಾಡಿದವು. ಆಮೇಲೆ ಅವನು ವಾದ್ಯವನ್ನು ಕೆಳಗಿಟ್ಟು ಮುಖ ಮುಚ್ಚಿಕೊಂಡು ಅತ್ತ. ಮಗಳು ಸತ್ತಾಗಲೂ ಅವನು ಹಾಗೆ ಎಲ್ಲರೆದುರು ಅತ್ತಿರಲಿಲ್ಲ. ಹೆಂಗಸರು ಕಣ್ಣೊರೆಸಿಕೊಂಡು ದೇವರಿಗೆ ಸ್ತೋತ್ರ ಹೇಳಿದರು. ಅರ್ಲೀನ್ ಅವನ ತಲೆಯನ್ನು ಎದೆಗೆ ಒತ್ತಿಕೊಂಡಳು, ಸಂತೋಷದಿಂದ ಅವಳೂ ಅತ್ತಳು.

"ಚೆನ್ನಾಗಿದೆ ಅರ್ಲೀನ್," ಎಂದ ಅವನು, ಮುಖ ಒರೆಸಿಕೊಂಡು. "ಬಹಳ ಚೆನ್ನಾಗಿ ಮಾಡ್ಸಿದೀಯ."

ಆ ತಿಂಗಳು ಒಡೆಲ್ ಮತ್ತಿಬ್ಬರು ದಿನವೂ ಮನೆಗೆ ಬಂದರು, ಹೋಸಿಯಾನ ಜೊತೆ ಬೇಸ್‌ಮೆಂಟಿಗೆ ಇಳಿದರೆ ಗಂಟೆಗಟ್ಟಲೆ ಮೇಲೆ ಬರುತ್ತಿರಲಿಲ್ಲ. ಕೆಳಗಿನಿಂದ ಕುಟ್ಟುವ ಸದ್ದು ಬರುತ್ತಿತ್ತು, ಆಗಾಗ ಒಂದೆರಡು ಸ್ವರ, ಆಮೇಲೆ ಮೌನ. ಮನೆ ಬೆಚ್ಚಗಿಡುವ ಒಲೆ ಕೆಟ್ಟಿದೆ, ರಿಪೇರಿ ಮಾಡುತ್ತಿದ್ದೇವೆ ಅಂತ ಹೋಸಿಯಾ ಹೇಳಿದ. ತಿಂಗಳು ಮುಗಿಯುವ ಹೊತ್ತಿಗೆ ಪ್ಯಾರಿಸ್ಸಿನವನಿಗೆ ಬರುವುದಿಲ್ಲ ಎಂದು ಹೇಳಿ ಕಳಿಸಿದ.

"ಯಾಕೆ?" ಎಂದು ಅರ್ಲೀನ್ ಕಂಗಾಲಾದಳು. "ಇಷ್ಟು ವರ್ಷ ಕಾದಿದ್ದು ಇದಕ್ಕೇ ಅಲ್ವಾ?"

"ಆಪರೇಷನ್ ಆದ್ಮೇಲೆ ಉಸಿರು ಸಾಲ್ತಿಲ್ಲ ಕಣೇ. ಒಬ್ಬನೇ ಅಷ್ಟು ಹೊತ್ತು ನುಡ್ಸೋಕಾಗಲ್ಲ. ಒಡೆಲ್ ಹೋಗ್ತಾನೆ, ಅಲ್ಲಿ ಬೇರೆಯವರ ಜೊತೆ ಬಾರಿಸ್ತಾನಂತೆ."

ಒಡೆಲ್ ಹೋದ. ಹೊರಡುವ ದಿನ ಬೀದಿಯಲ್ಲಿ ಎಲ್ಲರನ್ನೂ ಅಪ್ಪಿಕೊಂಡವನು ಅರ್ಲೀನಳಿಗೆ ಬೆನ್ನು ತಿರುಗಿಸಿ ಟ್ಯಾಕ್ಸಿ ಹತ್ತಿದ. ದೊಡ್ಡ ಮನುಷ್ಯನಾಗಿಬಿಟ್ಟ ಎಂದು ಅವಳಿಗೆ ಬೇಜಾರಾಯಿತು.

ಅದೇ ಬೇಸಿಗೆಯಲ್ಲಿ ಒಂದು ಭಾನುವಾರ ಹೋಸಿಯಾ ಟೈ ಕಟ್ಟಿಕೊಂಡು ಅವಳ ಹಿಂದೆಯೇ ಚರ್ಚಿಗೆ ಬಂದ, ಕೈಯಲ್ಲಿ ಪೆಟ್ಟಿಗೆ. ಕಾಣಿಕೆ ಕೊಟ್ಟವರಿಗೆ ಒಂದು ಹಾಡು ನುಡಿಸಿ ಹೋಗುತ್ತೇನೆ ಎಂದ. ಎಲ್ಲರೂ ಕೂಸಾಗಿದ್ದಾಗಿನಿಂದ ಬಲ್ಲ ಹಳೆಯ ಪ್ರಾರ್ಥನೆಯ ಹಾಡೊಂದನ್ನು ನುಡಿಸಿದ, ಬಾರಿನ ಕಟ್ಟೆಯ ಮುಂದೆ ಮಂಡಿಯೂರಿದ ಹುಡುಗನ ಬೆಣ್ಣೆಯಂಥ ನಾದದಲ್ಲಿ. ಹಾಲ್‌ನ ಗೆಳೆಯರ ಕಟ್ಟಳೆಯ ಪ್ರಕಾರ ಅದು ದೊಡ್ಡ ತಪ್ಪು. ಆದರೆ ಚರ್ಚಿನಲ್ಲಿ ಬೀಸಣಿಗೆಗಳು ನಿಂತವು. ಮಿಸ್ ವೈನೋನಾ ಬಿಕ್ಕಿ ಬಿಕ್ಕಿ ಅತ್ತಳು. ಅರ್ಲೀನ್ ಎಲ್ಲರಿಗಿಂತ ಮೊದಲು ಎದ್ದು ನಿಂತು "ಆಮೆನ್" ಎಂದಳು. ಹೋಸಿಯಾ ಅವಳ ಮುಖವನ್ನೇ ನೋಡುತ್ತಿದ್ದ. ನೋಡಿ ಮೆಲ್ಲಗೆ ನಕ್ಕ.

ಅದಾದ ಮೇಲೆ ಅವನು ಹಾಲಿಗೆ ಹೋಗಲಿಲ್ಲ, ಪ್ರತಿ ಭಾನುವಾರ ಚರ್ಚಿಗೆ ಬಂದ. ಮದುವೆಗೆ ಕರೆದರು, ಸಾವಿಗೆ ಕರೆದರು, ಬೇರೆ ಬೀದಿಯ ಚರ್ಚಿನವರೂ ಬಂದು ಕರೆದುಕೊಂಡು ಹೋದರು. ಅರ್ಲೀನ್ ಮುಂದಿನ ಬೆಂಚಿಗೆ ಬಂದಳು, ಹೊಸ ಹ್ಯಾಟು ಕೊಂಡಳು. ಅಂಗಡಿಯಲ್ಲಿ ಬಾತುಕೋಳಿಯ ಮಾತು ಯಾರೂ ಎತ್ತಲಿಲ್ಲ. ತನ್ನ ಗಂಡ ತನಗೆ ಮರಳಿ ಸಿಕ್ಕಿದ ಎಂದು ಅವಳು ದೇವರಿಗೆ ಕೈಮುಗಿಯುತ್ತಿದ್ದಳು. ಒಂದೇ ಒಂದು ಸೋಜಿಗ: ಅವನು ಮನೆಯಲ್ಲಿ ನುಡಿಸುವುದನ್ನು ಪೂರ್ತಿ ಬಿಟ್ಟಿದ್ದ. ಚರ್ಚಿನಿಂದ ಬಂದು ಪೆಟ್ಟಿಗೆಯನ್ನು ಬೀರುವಿನಲ್ಲಿಟ್ಟರೆ ಮುಂದಿನ ಭಾನುವಾರವೇ ತೆಗೆಯುವುದು. ವಯಸ್ಸಾಯಿತು, ದಣಿವು ಎಂದುಕೊಂಡಳು.

ಹೀಗೆ ಹನ್ನೊಂದು ವರ್ಷ ಹೋಯಿತು.

ಒಡೆಲ್ ತಾಯಿಯನ್ನು ಮಣ್ಣು ಮಾಡಲು ಊರಿಗೆ ಬಂದ. ಗಡ್ಡ ಪೂರಾ ಬೆಳ್ಳಗಾಗಿತ್ತು. ಒಂದು ಶನಿವಾರ ಕೂದಲಂಗಡಿಯ ಬಾಗಿಲಲ್ಲಿ ನಿಂತ. ಅರ್ಲೀನ್ ಮಿಸ್ ವೈನೋನಾಳ ತಲೆಯಲ್ಲಿ ಕೈಯಿಟ್ಟಿದ್ದಳು.

"ಬಾ ಒಳಗೆ, ಪ್ಯಾರಿಸ್ ಸಾಹೇಬ. ಹೋಗ್ವಾಗ ಮುಖ ಕೊಟ್ಟು ಮಾತಾಡ್ಲಿಲ್ಲ, ಈಗ ದಾರಿ ತಪ್ಪಿ ಬಂದ್ಯಾ?"

ಒಡೆಲ್ ಹ್ಯಾಟು ತೆಗೆದ. "ಅದಕ್ಕೇ ಬಂದೆ ಅರ್ಲೀನ್. ನಿನ್ನ ಮೇಲೆ ಕೋಪ ಇತ್ತು ಆಗ. ಈಗ ಇಲ್ಲ. ಅಮ್ಮನ್ನ ಮಣ್ಣಿಗಿಟ್ಟು ಬಂದ್ಮೇಲೆ ಯಾರ ಮೇಲೂ ಇಲ್ಲ. ನಿನಗೇನು ಗೊತ್ತಿತ್ತು ಪಾಪ."

"ಏನು ಗೊತ್ತಿತ್ತು?"

"ಆ ಸ್ಯಾಕ್ಸ್ ವಿಷಯ."

"ಏನು ಸ್ಯಾಕ್ಸ್ ವಿಷಯ?"

ಒಡೆಲ್ ಅವಳ ಮುಖ ನೋಡಿದ. ಮಾತು ಬಾಯಿಂದ ಜಾರಿದೆ ಎಂದು ಅವನಿಗಾಗ ತಿಳಿಯಿತು. "ಅವನು ಹೇಳೇ ಇಲ್ವಾ ನಿನಗೆ? ಇಷ್ಟು ವರ್ಷ?"

"ನೀನು ಹೇಳು."

ಅವನು ಹೋಗಲು ನೋಡಿದ. ಅರ್ಲೀನ್ ಬಿಡಲಿಲ್ಲ. ಕಡೆಗೆ ಅವನು ಖಾಲಿ ಕುರ್ಚಿಯಲ್ಲಿ ಕೂತು, ಹ್ಯಾಟು ತಿರುಗಿಸುತ್ತಾ, ನೆಲ ನೋಡುತ್ತಾ ಹೇಳಿದ.

"ಅವನ ಸಂಗೀತ ಎಲ್ಲಾ ಆ ಪೆಟ್ಟಲ್ಲೇ ಇತ್ತು ಅರ್ಲೀನ್. ಆ ಸೋರೋ ಬಿಲ್ಲೆ, ಆ ಸೊಟ್ಟ ಸರಳು. ಪ್ರೂಯಿಟ್ ಅದನ್ನ ಸರಿಮಾಡಿದ, ಅಲ್ಲಿಗೆ ಮುಗೀತು. ಉಸಿರು ಗಿಸಿರು ಎಲ್ಲಾ ಸುಳ್ಳು. ಬೇಸ್‌ಮೆಂಟಲ್ಲಿ ನಾವೇನು ಮಾಡ್ತಿದ್ವಿ ಅಂದ್ಕೊಂಡೆ? ಅದನ್ನ ಮತ್ತೆ ಕೆಡಿಸೋಕೆ ನೋಡ್ತಿದ್ವಿ. ಬಿಲ್ಲೆಗೆ ಸೂಜಿ ಚುಚ್ಚಿದ್ವಿ, ಸುತ್ತಿಗೇಲಿ ಹೊಡೆದ್ವಿ, ಮೆಟ್ಟಿಲ ಮೇಲಿಂದ ಉರುಳ್ಸಿದ್ವಿ ಕೂಡ. ಬರ್ಲಿಲ್ಲ. ಒಡೆದಿದ್ದನ್ನ ಜೋಡಿಸ್ಬಹುದು, ಅದು ಮೊದ್ಲು ಹೇಗೆ ಒಡೆದಿತ್ತೋ ಹಾಗೇ ಮತ್ತೆ ಒಡೆಯೋಕೆ ಆಗಲ್ಲ. ಕೊನೆಗೆ ಅವನೇ ಸಾಕು ಅಂದ. ಬೇರೆ ಕಡೆ ಕೊಟ್ಟು ಸೂಜಿ ಚುಚ್ಚಿದ ಬಿಲ್ಲೆಗೆಲ್ಲ ಹೊಸದು ಹಾಕ್ಸಿದ, ನೆಗ್ಗೆಲ್ಲ ಎತ್ತಿಸ್ದ, ನಿನಗೆ ಗೊತ್ತಾಗಬಾರದು ಅಂತ."

ಅರ್ಲೀನಳ ಕೈಯ ಬಾಚಣಿಗೆ ನಿಂತಲ್ಲೇ ನಿಂತಿತ್ತು. ಸುಟ್ಟ ವಾಸನೆ ಬಂತು.

"ಕಿವಿ, ಕಿವಿ!" ಎಂದಳು ಮಿಸ್ ವೈನೋನಾ.

ಅರ್ಲೀನ್ ಬಾಚಣಿಗೆ ಕೆಳಗಿಟ್ಟಳು. "ಅದ್ರಲ್ಲಿ ಎರಡು ದನಿ ಬರ್ತಿತ್ತು," ಎಂದಳು, ಕೇಳಿದ ಹಾಗೂ ಅಲ್ಲ, ಹೇಳಿದ ಹಾಗೂ ಅಲ್ಲ.

"ಹೂಂ. ಕೆಳಗಿನದು ನನ್ನದು ಅಂತಿದ್ದ. ಮೇಲಿನದು ಯಾರದು ಅಂತ ಅವನು ಹೇಳ್ಲಿಲ್ಲ, ನಾವು ಕೇಳ್ಲಿಲ್ಲ."

ಅರ್ಲೀನಳಿಗೆ ಯಾರೂ ಹೇಳಬೇಕಾಗಿರಲಿಲ್ಲ. ಹಾಲಿನಿಂದ ಅರ್ಧಕ್ಕೇ ಎದ್ದು ಬಂದದ್ದು ಯಾಕೆಂದು, ರೇಡಿಯೋ ಜೋರು ಮಾಡುತ್ತಿದ್ದುದು ಯಾಕೆಂದು ಅವಳ ಮೈಗೆ ಯಾವತ್ತೋ ಗೊತ್ತಿತ್ತು. ಅವಳು ಮಗಳ ಬಟ್ಟೆಯನ್ನು ಒಂದು ಸಲ ಕೊಟ್ಟಿದ್ದಳು. ಈಗ ನೋಡಿದರೆ ಮಗಳ ದನಿಯನ್ನೂ ರಿಬ್ಬನ್ ಕಟ್ಟಿ ಕೊಟ್ಟುಬಿಟ್ಟಿದ್ದಳು, ಅದೂ ಅವನ ಕೈಯಿಂದ ಕಿತ್ತು.

ಅಂಗಡಿ ಮುಚ್ಚಿ ಮನೆಗೆ ನಡೆಯುವ ದಾರಿಯಲ್ಲಿ ಎಲ್ಲವನ್ನೂ ಹೇಳಿ ಕಾಲು ಹಿಡಿಯಬೇಕು ಎಂದುಕೊಂಡಳು. ಹೋಸಿಯಾ ಅಡುಗೆಮನೆಯ ತೊಟ್ಟಿಯಲ್ಲಿ ಮರುದಿನಕ್ಕೆ ಸೊಪ್ಪು ತೊಳೆಯುತ್ತಿದ್ದ. ಒಂದೊಂದು ಎಲೆಯನ್ನೂ ತಿರುಗಿಸಿ ಮಣ್ಣು ನೋಡುವವನು ಅವನು.

"ಮುಖ ಯಾಕೆ ಹೀಗಿದೆ? ವೈನೋನಾ ಮತ್ತೆ ಜಗಳ ತೆಗೆದ್ಲಾ?"

"ಇಲ್ಲ." ಅವಳು ಕೋಟು ಬಿಚ್ಚದೆ ಕೂತಳು. "ಹೋಸಿಯಾ, ಮುಂಚೆ ನುಡಿಸ್ತಿದ್ಯಲ್ಲ, ಅದನ್ನ ಒಂದು ಸಲ ನುಡಿಸ್ತೀಯಾ?"

ಅವನ ಕೈ ನೀರಿನಲ್ಲೇ ನಿಂತಿತು. "ಯಾವುದು?"

"ಆ ಹಳೇದು. ಕೇಳ್ಬೇಕು ಅನ್ನಿಸ್ತು."

ಅವನು ಇನ್ನೊಂದು ಎಲೆ ತೆಗೆದು ತೊಳೆದ. ಆಮೇಲೆ ತಿರುಗಿದಾಗ ನಗುತ್ತಿದ್ದ. ಚರ್ಚಿನಲ್ಲಿ ನಗುವ ನಗು. ಹನ್ನೊಂದು ವರ್ಷ ಅವಳು ಸುಖವೆಂದು ತಿಳಿದಿದ್ದ ನಗು.

"ಅದು ಸಂಗೀತಾನೇ ಅಲ್ಲ ಕಣೇ. ವಾದ್ಯ ಕೆಟ್ಟಿತ್ತು, ಅದಕ್ಕೇ ಹಾಗೆ ಕಿರುಚ್ತಿತ್ತು. ನೀನು ಸರಿಮಾಡ್ಸಿದ್ದು ಒಳ್ಳೇದಾಯ್ತು."

ಅರ್ಲೀನ್ ಕೋಟಿನ ಗುಂಡಿ ಬಿಚ್ಚತೊಡಗಿದಳು. ತನಗೆ ಗೊತ್ತು ಎಂದರೆ ಅವನು ಇಷ್ಟು ವರ್ಷ ಹೊತ್ತದ್ದನ್ನು ಒಂದು ಮಾತಿನಲ್ಲಿ ನೆಲಕ್ಕೆ ಹಾಕಿದ ಹಾಗಾಗುತ್ತಿತ್ತು. ಮಗಳನ್ನು ತೆಗೆದಾಯಿತು, ದನಿಯನ್ನು ತೆಗೆದಾಯಿತು, ಇನ್ನು ಅವನಲ್ಲಿ ಉಳಿದದ್ದು ಈ ಒಂದು ಸುಳ್ಳು.

"ಹೌದು," ಎಂದಳು. "ಒಳ್ಳೇದಾಯ್ತು."

ಮರುದಿನ ಚರ್ಚಿನಲ್ಲಿ ಅವನು ನುಡಿಸಿ ಮುಗಿಸಿ ಮುಂದಿನ ಬೆಂಚಿನ ಕಡೆ ನೋಡಿದ. ಅರ್ಲೀನ್ ಎದ್ದು ನಿಂತು ಆಮೆನ್ ಎಂದಳು. ಅದರ ಮುಂದಿನ ಭಾನುವಾರವೂ ಎಂದಳು. ಅವನು ನುಡಿಸುವಷ್ಟು ಕಾಲ ಒಂದು ಭಾನುವಾರವೂ ತಪ್ಪಿಸಲಿಲ್ಲ, ಮನೆಗೆ ಬಂದು ಸ್ನಾನದ ಕೋಣೆಯಲ್ಲಿ ನಲ್ಲಿ ಬಿಟ್ಟುಕೊಂಡು ಅಳುತ್ತಿದ್ದಳು.

ಹೋಸಿಯಾ ಟಾಲಿವರ್ ಐವತ್ತೇಳನೆಯ ವಯಸ್ಸಿನಲ್ಲಿ ಹೃದಯ ನಿಂತು ತೀರಿಕೊಂಡ. ಅವನ ಹೆಸರಿನಲ್ಲಿ ಒಂದು ರೆಕಾರ್ಡೂ ಇಲ್ಲ. ಚರ್ಚು ಮೆಟ್ಟಿಲವರೆಗೂ ತುಂಬಿತ್ತು. ಬಿಳಿ ಕೈಗವಸು ತೊಟ್ಟ ಹೆಂಗಸರು ಬೀಸಣಿಗೆ ಹಂಚಿದರು, ಮುಂದೆ ಹೂವಿನ ನಡುವೆ ಹೋಸಿಯಾ ಮಲಗಿದ್ದ. ಪಾದ್ರಿ ಹಾಪ್ಸನ್ ಮುದುಕರಾಗಿದ್ದರೂ ದನಿ ಕುಂದಿರಲಿಲ್ಲ. ಅವರು ಒಂದು ಮಾತು ಎಸೆಯುವುದು, ಜನ ಅದಕ್ಕೆ ಆಮೆನ್ ಎಂದು ಹಿಡಿಯುವುದು ನಮ್ಮಲ್ಲಿ ನಡೆದು ಬಂದ ರೀತಿ.

"ಬ್ರದರ್ ಟಾಲಿವರ್ ಒಂದು ಕಾಲದಲ್ಲಿ ದಾರಿ ತಪ್ಪಿದ್ದರು," ಎಂದರು ಪಾದ್ರಿ.

"ಆಮೆನ್."

"ಅವರ ಕೈಯಲ್ಲಿ ಒಂದು ಕೆಟ್ಟ ವಾದ್ಯ ಇತ್ತು."

"ಆಮೆನ್."

"ಅವರನ್ನ ಪ್ರೀತಿಸೋ ಒಬ್ಬ ಹೆಂಡತಿ ಇದ್ದಳು. ಆ ಕೆಟ್ಟ ವಾದ್ಯಾನ ಅವಳು ಸರಿಮಾಡಿಸಿದಳು."

ಇಡೀ ಚರ್ಚು ಅರ್ಲೀನಳ ಕಡೆ ತಿರುಗಿತು. ಎಲ್ಲರ ಮುಖದಲ್ಲೂ ಕಣ್ಣೀರಿತ್ತು, ಪ್ರೀತಿಯಿತ್ತು. ಪಕ್ಕದಲ್ಲಿ ಮಿಸ್ ವೈನೋನಾ ಅವಳ ಕೈ ಹಿಡಿದುಕೊಂಡಿದ್ದಳು. ಎಲ್ಲರೂ ಅವಳ ಆಮೆನ್‌ಗಾಗಿ ಕಾದರು, ಯಾವಾಗಲೂ ಅದೇ ಮೊದಲು ಬರುತ್ತಿದ್ದುದು. ಅರ್ಲೀನ್ ಎದ್ದು ನಿಂತಳು. ಅಭ್ಯಾಸಬಲದಿಂದ ಅವನ ಮುಖ ನೋಡಿದಳು. ಕಣ್ಣು ಮುಚ್ಚಿತ್ತು. ಇನ್ನು ಅವನು ನೋಡುವುದಿಲ್ಲ.

"ಅದು ಕೆಟ್ಟಿರ್ಲಿಲ್ಲ," ಎಂದಳು.

"ಕೂತ್ಕೋ ಅಮ್ಮ," ಎಂದಳು ಮಿಸ್ ವೈನೋನಾ, ಅವಳ ಕೋಟಿನ ತುದಿ ಎಳೆಯುತ್ತಾ. "ದುಃಖ ಅದು. ಕೂತ್ಕೋ."

"ಅದು ಕೆಟ್ಟಿರ್ಲಿಲ್ಲ ಪಾದ್ರಿಗಳೇ. ಅದ್ರಲ್ಲಿ ನನ್ನ ಲೆನೋರಾ ಇದ್ಳು."

ಬೀಸಣಿಗೆಗಳು ನಿಂತವು. ಯಾರೂ ಆಮೆನ್ ಅನ್ನಲಿಲ್ಲ.